ಒಂದು ಕಣ್ಣಿನ ಮುಳ್ಳಿಲಿ

ಫ್ರಿಜ್ಜು ಮತ್ತೆ ಗುಂಯ್ ಅಂತ ಶುರುಮಾಡಿತು, ಇಷ್ಟು ವರ್ಷ ಇದೇ ಅಡುಗೆಮನೆಯಲ್ಲಿ ನಿಂತು ಸವೆದರೂ ಅದು ಹೀಗೆ ಸದ್ದು ಮಾಡುತ್ತದೆ ಅಂತ ರೋಸ್ವಿತಾಗೆ ಗೊತ್ತೇ ಇರಲಿಲ್ಲ, ಅಥವಾ ಇವತ್ತೇ ಮಾಡುತ್ತಿದೆಯೋ ಏನೋ, ಒಳಗೆ ಅದು ಕೂತಿದೆಯಲ್ಲ, ನಡುವಿನ ಅಂತಸ್ತಿನಲ್ಲಿ, ಹಾಲಿನ ಪಕ್ಕ, ಮೇಲೊಂದು ಗಾಜಿನ ಬಟ್ಟಲು ಕವುಚಿಸಿಕೊಂಡು, ಅರ್ಧ ಮೈ, ಒಂದೇ ಕಣ್ಣು — ಬೇಡ, ಅದರ ಯೋಚನೆ ಬೇಡ, ಆಲೂಗಡ್ಡೆ ಸುಲಿ, ಭಾನುವಾರ ಎಲ್ಲರ ಮನೆಯಲ್ಲೂ ಸೂಪು ಕುದಿಯುತ್ತಿರುತ್ತದೆ, ನಿನ್ನ ಮನೆಯಲ್ಲೂ ಕುದಿಯಲಿ. ಮುಂದಿನ ಕೋಣೆಯಲ್ಲಿ ಸೋಫಾ ಕಿರ್ ಅಂದಿತು, ಚಾಕು ಹಿಡಿದ ಕೈ ಹಾಗೇ ನಿಂತಿತು, ಲೋಥಾರ್ ಮಗ್ಗುಲು ಬದಲಿಸಿದ, ಅಷ್ಟೇ, ಕಾಯಿಲೆ ಬಿದ್ದ ಗಂಡ ಮಗ್ಗುಲು ಬದಲಿಸಿದರೆ ಹೆಂಡತಿ ಹೀಗೆ ಉಸಿರು ಬಿಗಿಹಿಡಿದು ನಿಲ್ಲುತ್ತಾಳೆಯೇ, ನಿಲ್ಲುತ್ತಾಳೆ, ತಪ್ಪು ಮಾಡಿದವಳು ನಿಲ್ಲುತ್ತಾಳೆ. ಬೆಳಿಗ್ಗೆ ಹಣೆ ಮುಟ್ಟಿ ನೋಡಿದಾಗ ಬಿಸಿಯಿತ್ತು, ಆದರೆ ನಿನ್ನ ಕೈ ತಣ್ಣಗಿತ್ತಲ್ಲ ಮಾರಾಯ್ತಿ, ತಣ್ಣೀರಲ್ಲಿ ಪಾತ್ರೆ ತೊಳೆದ ಕೈಗೆ ಯಾರ ಹಣೆ ತಾನೇ ಬಿಸಿ ಅನ್ನಿಸೋದಿಲ್ಲ, ಅಂತ ಬಿಸಿನೀರಲ್ಲಿ ಕೈ ಅದ್ದಿಕೊಂಡು ಹೋಗಿ ಇನ್ನೊಂದು ಸಲ ಮುಟ್ಟಿದಳು, ಆಗ ತಣ್ಣಗೆ ಅನ್ನಿಸಿತು, ಹಾಗಾದರೆ ಜ್ವರವಿಲ್ಲ, ಹಾಗಾದರೆ ಏನೂ ಆಗಿಲ್ಲ. ಥರ್ಮಾಮೀಟರು ಡ್ರಾಯರಿನಲ್ಲೇ ಇದೆ, ಚಮಚಗಳ ಪಕ್ಕ, ಕೈ ಚಾಚಿದರೆ ಸಿಗುತ್ತದೆ. ಅವಳು ಆಲೂಗಡ್ಡೆ ಸುಲಿದಳು.

ಆಸ್ಪತ್ರೆಯ ನರ್ಸ್ ಮಾರಿಸೆಲ್ ಮೊದಲನೇ ದಿನವೇ ಹೇಳಿದ್ದಳು, ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಒಳ್ಳೆ ಹುಡುಗಿ, ಅವಳ ಕೈ ಯಾವಾಗಲೂ ಬೆಚ್ಚಗೆ, ನೋಡಿ ರೋಸ್, ಈ ಕೀಮೋ ಇದೆಯಲ್ಲ, ಇದು ರಕ್ತದ ಕ್ಯಾನ್ಸರನ್ನ ಮಾತ್ರ ಸಾಯಿಸಲ್ಲ, ಕಾಯಿಲೆ ತಡೆಯೋ ಬಿಳಿ ಕಣಗಳನ್ನೂ ಸಾಯಿಸುತ್ತೆ, ನಿಮಗೆ ನನಗೆ ಏನೂ ಮಾಡದ ಸಣ್ಣ ಹುಳ ಇವರನ್ನ ಮಲಗಿಸಿಬಿಡುತ್ತೆ, ಜ್ವರ ಮೂವತ್ತೆಂಟು ಡಿಗ್ರಿ ದಾಟಿತೋ, ಕಾಯ್ಬೇಡಿ, ಮನೇಲಿ ಮಾತ್ರೆ ಕೊಟ್ಟು ನೋಡೋಣ ಅನ್ಬೇಡಿ, ಸೀದಾ ಇಲ್ಲಿಗೆ. ಆಮೇಲೆ ಊಟದ ವಿಷಯ, ಅರೆಬೆಂದ ಮೊಟ್ಟೆ ಬೇಡ, ಮೆತ್ತನೆ ಚೀಸು ಬೇಡ, ತೊಳೆಯದ ಸೊಪ್ಪು ಬೇಡ, ಹಸಿ ಮೀನು ಬೇಡ, ಹಸಿ ಮಾಂಸ ಅಂತೂ ಯಾರೂ ತಿನ್ನಲ್ಲ ಬಿಡಿ, ಅಂತ ನಕ್ಕಳು. ರೋಸ್ವಿತಾ ಲೋಥಾರನ ಕಡೆ ನೋಡಿದಳು, ಲೋಥಾರ್ ಇವಳ ಕಡೆ ನೋಡಿದ, ಇಬ್ಬರಿಗೂ ನಗು ತಡೆಯಲಾಗದೆ ಶಾಲೆಮಕ್ಕಳ ಥರ ತಲೆ ತಗ್ಗಿಸಿಕೊಂಡರು. ಯಾರೂ ತಿನ್ನಲ್ಲವಂತೆ. ಅವನ ಊರಲ್ಲಿ, ಜರ್ಮನ್ ನಾಡಿನ ಹಿಲ್ಡೆಸ್‌ಹೈಮಿನಲ್ಲಿ, ಬೆಳಿಗ್ಗೆ ಫ್ಯಾಕ್ಟರಿಗೆ ಹೋಗುವವರೆಲ್ಲ ಏನು ತಿನ್ನುತ್ತಿದ್ದರು ಮತ್ತೆ, ಗರಿಗರಿ ಬನ್ನು ಸೀಳಿ, ಬೆಣ್ಣೆ ಸವರಿ, ಮೇಲೆ ಬೆರಳು ದಪ್ಪ ಮೆಟ್, ಆವತ್ತೇ ಕೊಚ್ಚಿದ ಹಂದಿಮಾಂಸ, ಹಸೀದು, ಉಪ್ಪು ಮೆಣಸು ಕಲಸಿದ್ದು, ಅದರ ಮೇಲೆ ಹೆಚ್ಚಿದ ಈರುಳ್ಳಿ, ಅದನ್ನು ತಿಂದು ತೇಗಿ ಲೇತ್ ಯಂತ್ರದ ಮುಂದೆ ನಿಂತರೆ ಮಧ್ಯಾಹ್ನದವರೆಗೆ ಹಸಿವಿನ ಮಾತಿಲ್ಲ. ಈ ಹುಡುಗಿಗೆ ಅದನ್ನೆಲ್ಲ ಹೇಳಿದರೆ ನಮ್ಮನ್ನು ಕಾಡುಮನುಷ್ಯರು ಅಂದುಕೊಂಡಾಳು ಅಂತ ಸುಮ್ಮನಾದರು, ಆವತ್ತು ಅದೊಂದು ತಮಾಷೆ, ಕಾರಿನಲ್ಲಿ ಮನೆಗೆ ಬರುವಾಗಲೂ ನಕ್ಕಿದ್ದರು. ಇನ್ನೊಂದು ಮಾತೂ ಹೇಳಿದ್ದಳು ಮಾರಿಸೆಲ್, ಬಾಗಿಲ ತನಕ ಬಂದು, ಏನೇ ಆಗಲಿ ಮುಚ್ಚಿಡಬೇಡಿ ರೋಸ್, ಏನು ತಿಂದರು, ಏನು ಮುಟ್ಟಿದರು, ಎಲ್ಲ ಹೇಳಿ, ಅದರ ಮೇಲೇ ನಾವು ಔಷಧಿ ಆರಿಸೋದು. ಆ ಮಾತು ಈಗ ನೆನಪಾಗಿ ಅವಳು ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು.

ಆದರೆ ಅವನು ತಿನ್ನುತ್ತಿರಲಿಲ್ಲವಲ್ಲ, ಅದನ್ನು ಯಾರೂ ಕೇಳುವುದಿಲ್ಲ, ಎರಡನೇ ಕೀಮೋ ಆದ ಮೇಲೆ ಬಾಯಿಗೆ ಏನಿಟ್ಟರೂ ಕಬ್ಬಿಣ ನೆಕ್ಕಿದ ಹಾಗಿದೆ ಕಣೇ ಅಂತಿದ್ದ, ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದ, ಭುಜದ ಮೂಳೆ ಅಂಗಿಯೊಳಗಿಂದ ಎದ್ದು ಕಾಣುತ್ತಿತ್ತು, ಅವನಿಗೆ ರುಚಿಸುವುದನ್ನು ಹುಡುಕುತ್ತ ಅವಳು ಊರೆಲ್ಲ ಸುತ್ತಿದಳು. ಕಡಲು ದಾಟಿ ಬಂದು ಸೇರಿದ ಈ ಊರೋ, ಒಂದು ಕಾಲಕ್ಕೆ ಇದರ ಹೆಸರೇ ಬರ್ಲಿನ್ ಅಂತಿತ್ತಂತೆ, ಈಗ ವರ್ಷಕ್ಕೊಂದು ಸಲ ಹಸಿರು ಟೋಪಿ ಹಾಕ್ಕೊಂಡು ಬೀದೀಲಿ ಬಿಯರ್ ಚೆಲ್ಲಾಡಿ ನಾವೂ ಜರ್ಮನ್ನರು ಅಂತ ಕುಣಿಯೋದಕ್ಕೆ ಮಾತ್ರ ಉಳಿದಿದೆ, ಒಂದು ನೆಟ್ಟಗಿನ ಬನ್ನು ಸಿಗಲ್ಲ, ಒತ್ತಿದರೆ ಸ್ಪಂಜಿನ ಹಾಗೆ ಎದ್ದು ಕೂರುತ್ತೆ. ಹಾರ್ಟ್‌ವಿಗ್ ಮುದುಕ ಇರುವ ತನಕ ಅವನ ಅಂಗಡಿಯಲ್ಲಿ ಸಾಸೇಜು, ಉಪ್ಪಿನಕಾಯಿ ಸೌತೆ, ಕಪ್ಪು ರೈ ಬ್ರೆಡ್ಡು ಎಲ್ಲ ಇತ್ತು, ಅವನು ಸತ್ತ ಮೇಲೆ ಅಲ್ಲಿ ಮೊಬೈಲ್ ರಿಪೇರಿ. ಪೋಲಿಷ್ ಅಂಗಡಿಯಲ್ಲಿ ಗಟ್ಟಿ ಮೊಸರಿನಂಥ ಕ್ವಾರ್ಕ್ ಸಿಕ್ಕಿತು, ನಮ್ಮದರಷ್ಟು ನುಣುಪಲ್ಲ, ಜಾಲರಿಯಲ್ಲಿ ಸೋಸಿ ಕೆನೆ ಬೆರೆಸಿ ಚೆರ್ರಿ ಹಾಕಿ ಕೊಟ್ಟಳು, ಎರಡು ಚಮಚ ತಿಂದ. ಅಕ್ಕಿ ಪಾಯಸಕ್ಕೆ ದಾಲ್ಚಿನ್ನಿ ಸಕ್ಕರೆ ಉದುರಿಸಿ ಕೊಟ್ಟಳು, ಚಿಕ್ಕವನಿದ್ದಾಗ ಜ್ವರ ಬಂದರೆ ಅವನಮ್ಮ ಮಾಡಿಕೊಡುತ್ತಿದ್ದದ್ದು, ಅದನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡ, ತಿನ್ನಲಿಲ್ಲ. ಆಲೂಗಡ್ಡೆ ಉಂಡೆ, ಕೆಂಪು ಎಲೆಕೋಸು, ಸೇಬಿನ ಪಲ್ಯದ ಜೊತೆ ಆಲೂ ರೊಟ್ಟಿ, ಎಲ್ಲ ಅವಳೇ ತಿಂದಳು, ನಿಂತುಕೊಂಡು, ಸಿಂಕಿನ ಮುಂದೆ, ಅಳುತ್ತ ತಿಂದಳು ಅಂದರೂ ಸರಿಯೇ. ಒಂದು ಸಂಜೆ ಅವನು ಕಿಟಕಿ ಕಡೆ ನೋಡುತ್ತ ಅಂದ, ರೋಸಿ, ಒಂದು ಮೆಟ್ ಬನ್ನು ತಿನ್ನಬೇಕು ಅನ್ನಿಸ್ತಿದೆ. ತಲೆ ಕೆಟ್ಟಿದೆಯಾ ನಿನಗೆ, ನರ್ಸ್ ಹೇಳಿದ್ದು ಮರೆತೆಯಾ. ಮರೆತಿಲ್ಲ, ಅನ್ನಿಸ್ತಿದೆ ಅಂದೆ ಅಷ್ಟೇ. ಆಮೇಲೆ ಅವನು ಅದರ ಸುದ್ದಿ ಎತ್ತಲೇ ಇಲ್ಲ, ಅದೇ ಅವಳನ್ನು ಕೊಂದಿದ್ದು, ಇನ್ನೊಂದು ಸಲ ಕೇಳಿ ಜಗಳ ಆಡಿದ್ದರೆ ಬೈದು ಬಾಯಿ ಮುಚ್ಚಿಸುತ್ತಿದ್ದಳು, ಅವನು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ.

ಅವನ ಎಪ್ಪತ್ತನೇ ಹುಟ್ಟುಹಬ್ಬ ಬಂತು, ಶನಿವಾರ, ನಿನ್ನೆ, ಅಯ್ಯೋ ನಿನ್ನೆಯೇನಾ, ಯಾವುದೋ ಕಾಲದ ಮಾತು ಅನ್ನಿಸುತ್ತಿದೆ. ಬೆಳಿಗ್ಗೆ ಎದ್ದವಳೇ ಊರಾಚೆಯ ಸಂತೆಗೆ ಕಾರು ಓಡಿಸಿದಳು, ಅಲ್ಲಿ ಕುದುರೆಗಾಡಿ ಕಟ್ಟಿಕೊಂಡು ಬರುವ ಮೆನೊನೈಟ್ ಜನ, ಕರೆಂಟು ಕಾರು ಬೇಡ ಅಂತ ದೇವರ ಹೆಸರಲ್ಲಿ ಬದುಕುವವರು, ಅವರ ಬಾಯಲ್ಲಿ ಇನ್ನೂ ಒಂಥರಾ ಹಳೇ ಜರ್ಮನ್ ಇದೆ, ಅರ್ಧ ಅರ್ಥವಾಗುತ್ತೆ ಅರ್ಧ ಆಗಲ್ಲ, ಆದರೆ ಮಾಂಸ ಮಾರುವ ಕಪ್ಪು ಟೋಪಿಯ ಆ ಹೆಂಗಸು ಒಂದು ಮಾತಾಡಿದರೆ ರೋಸ್ವಿತಾಗೆ ಅಜ್ಜಿ ಮಾತಾಡಿಸಿದ ಹಾಗಾಗುತ್ತೆ, ಅದಕ್ಕೇ ನಂಬಿಕೆ ಬಂದುಬಿಟ್ಟಿತು, ಭಾಷೆ ನಮ್ಮದಾದರೆ ಮಾಂಸವೂ ನಮ್ಮದೇ ಅನ್ನೋ ಹಾಗೆ, ದಡ್ಡಿ. ಇದು ಯಾವತ್ತು ಕಡಿದಿದ್ದು. ಗುರುವಾರ. ಕೊಚ್ಚಿದ್ದು. ಈಗ ಕೊಚ್ಚಿಕೊಡ್ತೀನಿ, ನಿಮ್ಮೆದುರಿಗೇ. ಅಷ್ಟು ಸಾಕಲ್ಲ, ಅಲ್ಲಿ ನಮ್ಮೂರಲ್ಲಿ ಇದ್ದದ್ದು ಅದೊಂದೇ ನಿಯಮ, ಕೊಚ್ಚಿದ ದಿನವೇ ತಿನ್ನಬೇಕು, ಸಂಜೆಗೆ ಉಳಿದರೆ ಹುರಿಯಬೇಕು, ಆ ನಿಯಮ ಮುರಿಯದಿದ್ದರೆ ಏನೂ ಆಗಲ್ಲ, ಹುಟ್ಟಿದಾಗಿನಿಂದ ಹಾಗೇ ನಡೆದುಕೊಂಡು ಬಂದಿದ್ದೇವೆ, ಯಾರು ಸತ್ತಿದ್ದಾರೆ. ಆದರೆ ಅಲ್ಲಿ ಹಸೀದು ತಿನ್ನುತ್ತಾರೆ ಅಂತಲೇ ಹಂದಿಯನ್ನು ಪರೀಕ್ಷೆ ಮಾಡಿ, ಹಾಗಂತಲೇ ತಣ್ಣಗಿಟ್ಟು, ಹಾಗಂತಲೇ ಮಾರುತ್ತಿದ್ದರು, ಇಲ್ಲಿ ಯಾರಪ್ಪ ಹಸೀದು ತಿನ್ನುತ್ತಾರೆ, ಯಾರಿಗೋಸ್ಕರ ಪರೀಕ್ಷೆ, ಇದು ಅವಳಿಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ತಲೆಯ ಹಿಂದೆ ಎಲ್ಲೋ ಗೊತ್ತಿತ್ತು, ಬೇಕಾದಾಗ ಬೇಡದ್ದನ್ನು ಹಿಂದಕ್ಕೆ ತಳ್ಳುವುದು ಎಷ್ಟು ಸಲೀಸು. ಕಪ್ಪು ಟೋಪಿಯವಳು ಕಾಗದದಲ್ಲಿ ಸುತ್ತುತ್ತ ಕೇಳಿದಳು, ಚೆನ್ನಾಗಿ ಬೇಯಿಸ್ತೀರಲ್ಲ. ಹೂಂ, ಉಂಡೆ ಕಟ್ಟಿ ಹುರೀತೀನಿ, ಗಂಡನಿಗೆ ಇಷ್ಟ. ಒಳಗೂ ಬೇಯಬೇಕು, ಮೇಲೆ ಕೆಂಪಾದರೆ ಸಾಲದು. ಗೊತ್ತು ಗೊತ್ತು. ಆ ಹೆಂಗಸು ಮುಖ ಎತ್ತಿ ನೋಡಿದಳು, ಸುಳ್ಳು ಹೇಳದ ಜನ ಅವರು, ಸುಳ್ಳು ಕೇಳಿಸಿಕೊಂಡರೆ ತಿಳಿಯುತ್ತದೋ ಏನೋ, ದೇವರು ಒಳ್ಳೇದು ಮಾಡಲಿ ಅಂದಳು. ಆ ಮಾತು ಆಗ ಹಿತವಾಗಿತ್ತು.

ಮನೆಗೆ ಬಂದು ಕೈಯನ್ನು ಡಾಕ್ಟರ ಹಾಗೆ ತೊಳೆದುಕೊಂಡಳು, ಬಟ್ಟಲಿಗೆ ಕುದಿಯೋ ನೀರು ಸುರಿದಳು, ಚಾಕುವಿಗೂ ಸುರಿದಳು, ಇಷ್ಟೆಲ್ಲ ಚೊಕ್ಕಟ ಮಾಡಿದವಳು ಒಳಗಿನ ಮಾಂಸವನ್ನು ಮಾತ್ರ ಹಾಗೇ ಬಿಟ್ಟಳು, ನೆನೆಸಿಕೊಂಡರೆ ನಗು ಬರಬೇಕು, ಬರುತ್ತಿಲ್ಲ. ಬನ್ನು ಅವಳೇ ಸುಟ್ಟಳು, ಓವನ್ನಿನ ತಳಕ್ಕೆ ನೀರು ಎರಚಿ ಆವಿ ಎಬ್ಬಿಸಿ, ಹೊರಗೆ ತೆಗೆದಾಗ ಸಿಪ್ಪೆ ಚಟಚಟ ಅಂದಿತು, ಇಷ್ಟು ವರ್ಷದಲ್ಲಿ ಮೊದಲ ಸಲ ಸರಿಯಾಗಿ ಬಂತು, ಇವತ್ತು ಎಲ್ಲ ಸರಿಯಾಗುತ್ತೆ ಅನ್ನಿಸಿತು. ಆಮೇಲೆ ಮುಳ್ಳಿಲಿ, ಅದು ಯಾಕೆ ಬೇಕಿತ್ತು, ಸುಮ್ಮನೆ ಬನ್ನಿಗೆ ಸವರಿ ಕೊಟ್ಟಿದ್ದರೆ ಒಂದೆರಡು ತುತ್ತಿಗೆ ಮುಗಿಯುತ್ತಿತ್ತು, ಆದರೆ ಹುಟ್ಟುಹಬ್ಬ ಅಲ್ಲವೇ, ಇವರಿಬ್ಬರ ನಿಶ್ಚಿತಾರ್ಥದ ದಿನ ಅವನಮ್ಮ ಮೇಜಿನ ನಡುವೆ ಇಟ್ಟದ್ದೂ ಅದನ್ನೇ, ಆ ಕಾಲದಲ್ಲಿ ಅದಿಲ್ಲದ ಪಾರ್ಟಿಯೇ ಇಲ್ಲ, ಹಸಿ ಮೆಟ್ಟನ್ನು ತೋಟದ ಮುಳ್ಳಿಲಿಯ ಹಾಗೆ ದುಂಡಗೆ ತಟ್ಟಿ, ಮೂತಿ ಚೂಪು ಮಾಡಿ, ಈರುಳ್ಳಿಯನ್ನು ಉದ್ದುದ್ದ ಸೀಳಿ ಬೆನ್ನ ತುಂಬ ಮುಳ್ಳು ಚುಚ್ಚಿ, ಕಣ್ಣಿಗೆ ಎರಡು ಕಪ್ಪು ಆಲಿವ್. ಲೋಥಾರ್ ದಿಂಬಿಗೊರಗಿ ಕೂತಿದ್ದ, ತಟ್ಟೆ ತಂದಿಟ್ಟಾಗ ಅವನ ಹೊಟ್ಟೆಯೊಳಗಿಂದ ನಗು ಬಂತು, ತಿಂಗಳುಗಳಿಂದ ಕೇಳದ ನಗು, ಅಯ್ಯೋ ರೋಸಿ, ಏನ್ ಮಾಡಿಬಿಟ್ಟಿದ್ದೀಯೇ, ನಿನ್ನನ್ನ ಜೈಲಿಗೆ ಹಾಕ್ತಾರೆ. ತಿನ್ನು ಸುಮ್ನೆ, ಒಂದೇ ಬನ್ನು, ನಾಲಿಗೆ ರುಚಿಗೆ. ಅವನು ಒಂದು ತಿಂದ, ಕಣ್ಣು ಮುಚ್ಚಿಕೊಂಡು ಅಗಿದ, ಕಬ್ಬಿಣದ ರುಚಿ ಇಲ್ಲ ಕಣೇ, ನಿಜವಾಗ್ಲೂ ಇಲ್ಲ, ಅಂದ, ಇನ್ನೊಂದು ತಿಂದ, ಅವಳು ಬೇಡ ಸಾಕು ಅನ್ನಬೇಕಿತ್ತು, ಬಾಯಿ ಬರಲಿಲ್ಲ, ಹಸಿದ ಮಗು ಉಣ್ಣುವುದನ್ನು ನೋಡುವ ತಾಯಿಗೆ ಸಾಕು ಅನ್ನಲು ಬಾಯಿ ಬರುತ್ತದೆಯೇ, ಅವಳೂ ಒಂದು ತಿಂದಳು, ಇಬ್ಬರೂ ನಗುತ್ತ ಬೆರಳು ನೆಕ್ಕಿದರು. ಕೊನೆಗೆ ಅವನು ಮುಳ್ಳಿಲಿಯ ಒಂದು ಕಣ್ಣು ಕಿತ್ತು ಬಾಯಿಗೆ ಹಾಕಿಕೊಂಡ, ಇದು ನನಗೆ, ಇನ್ನೊಂದು ಅಲ್ಲೇ ಇರ್ಲಿ, ನಿನ್ನನ್ನ ಕಾಯ್ತಾ ಇರ್ಲಿ ಅಂದ. ಅಲ್ಲೇ ಒರಗಿ ನಿದ್ದೆ ಹೋದ, ಮುಖದಲ್ಲಿ ನಗು ಹಾಗೇ ಇತ್ತು.

ಸಂಜೆ ಹುರಿಯಬೇಕಿತ್ತು, ಉಳಿದದ್ದನ್ನು ಸಂಜೆಯೊಳಗೆ ಹುರಿಯಬೇಕು, ಬಾಣಲೆ ತೆಗೆದಳು ಕೂಡ, ಆದರೆ ಹುರಿಯುವ ವಾಸನೆಗೆ ಅವನಿಗೆ ವಾಕರಿಕೆ, ಮೈಮರೆತು ಮಲಗಿದ್ದಾನೆ, ಎಬ್ಬಿಸಿ ವಾಂತಿ ಮಾಡಿಸುವುದೇಕೆ, ತಿಂದದ್ದು ಹೊಟ್ಟೆಯಲ್ಲಿ ಉಳಿಯಲಿ — ಉಳಿಯಲಿ ಅಂತ ಬೇಡಿಕೊಂಡಳಲ್ಲ, ಈಗ ಅದು ಹೊರಗೆ ಬಂದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿದೆ. ಬಿಸಾಕೋಣ ಅಂತ ಕಸದ ಬುಟ್ಟಿ ತನಕ ಹೋದಳು, ಕೈ ಬರಲಿಲ್ಲ, ಊಟ ಬಿಸಾಡಿದರೆ ಅಮ್ಮನ ಕೈಯಲ್ಲಿ ಏಟು ತಿಂದು ಬೆಳೆದವಳು, ಮೇಲೆ ಬಟ್ಟಲು ಕವುಚಿ ಫ್ರಿಜ್ಜಿನಲ್ಲಿಟ್ಟಳು. ಇವತ್ತು ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದರೆ ಗಾಜಿನೊಳಗಿಂದ ಅದು ನೋಡುತ್ತಿತ್ತು, ಮಾಂಸ ಕಂದುಬಣ್ಣಕ್ಕೆ ತಿರುಗಿತ್ತು, ಈರುಳ್ಳಿ ಮುಳ್ಳು ಬಾಡಿ ಬಗ್ಗಿದ್ದವು, ಆ ಕಣ್ಣು ಮಾತ್ರ ನಿನ್ನೆಯ ಹಾಗೇ ಮಿರಮಿರ. ಹಾಲು ತೆಗೆಯದೆ ಬಾಗಿಲು ಹಾಕಿದಳು. ಆಮೇಲೆ ಬಿರ್ಗಿಟ್ ಫೋನು, ಮಗಳು, ಪಕ್ಕದ ಊರು, ಕಾರಿನಲ್ಲಿ ಅರ್ಧ ಗಂಟೆ, ನೆಗಡಿ ಅಂತ ನಿನ್ನೆ ಅಪ್ಪನ ಹತ್ತಿರ ಬಂದಿರಲಿಲ್ಲ, ಅಷ್ಟು ಹುಷಾರಿನ ಹುಡುಗಿ. ಮಮಾ, ಪಪ್ಪಾ ನಿನ್ನೆ ಏನಾದ್ರೂ ತಿಂದ್ರಾ. ತಿಂದ್ರು. ಎಷ್ಟು. ಚೆನ್ನಾಗೇ ತಿಂದ್ರು, ಎರಡು ಬನ್ನು. ಎರಡಾ, ಮಮಾ ನಿಜವಾಗ್ಲೂ, ಎರಡಾ, ಏನ್ ಹಾಕಿ ಕೊಟ್ಟೆ. ಬೆಣ್ಣೆ, ಅಂದಳು ರೋಸ್ವಿತಾ, ಬೆಣ್ಣೆ ಇದ್ದದ್ದು ಸುಳ್ಳಲ್ಲ. ಆ ಕಡೆಯಿಂದ ಮೂಗು ಎಳೆದ ಸದ್ದು, ಮಮಾ ನೀನು ಇಲ್ದೇ ಇದ್ದಿದ್ರೆ ಪಪ್ಪಾ ಯಾವತ್ತೋ ಹೋಗಿಬಿಡ್ತಿದ್ರು. ಫೋನು ಇಟ್ಟ ಮೇಲೆ ರೋಸ್ವಿತಾ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡಳು, ನೋವಿಲ್ಲ, ಗುಡುಗುಡು ಇಲ್ಲ, ನಾನೂ ತಿಂದಿದ್ದೇನಲ್ಲ, ನನಗೇನೂ ಆಗಿಲ್ಲ ಅಂದರೆ ಅದರಲ್ಲೇನೂ ಇಲ್ಲ ಅಂತ ತಾನೇ ಅರ್ಥ, ಆದರೆ ನಿನಗೆ ಆಗದ್ದು ಅವನಿಗೆ ಆಗುತ್ತೆ ಅಂತಲ್ಲವೇ ಆ ಹುಡುಗಿ ಹೇಳಿದ್ದು. ಅವಳಿಗೆ ಭಯ, ಇಂಥ ಭಯ ಈ ದೇಶಕ್ಕೆ ಬಂದಿಳಿದ ದಿನವೂ ಆಗಿರಲಿಲ್ಲ, ಆವತ್ತು ಪಕ್ಕದಲ್ಲಿ ಲೋಥಾರ್ ಇದ್ದ.

ಲಟಲಟ ಅಂತ ಸಣ್ಣ ಸದ್ದು. ಬೀದಿಯಲ್ಲಿ ಲಾರಿ ಹೋಗುತ್ತಿರಬೇಕು, ಲಾರಿ ಹೋದರೆ ಕಪಾಟಿನ ಬಸಿಗಳು ಹೀಗೇ ಅದುರುತ್ತವೆ, ಆದರೆ ಕಪಾಟಲ್ಲ, ಮುಂದಿನ ಕೋಣೆ, ಬೆಳಿಗ್ಗೆ ಇಟ್ಟುಬಂದ ಟೀ ಕಪ್ಪು, ಅವನು ಕಪ್ಪು ಹಿಡಿದುಕೊಂಡಿದ್ದಾನೆ, ಹಾಗಾದರೆ ಎದ್ದಿದ್ದಾನೆ, ಒಳ್ಳೇದೇ ಆಯ್ತು, ಟೀ ಕುಡೀಲಿ — ಲಟಲಟ ನಿಲ್ಲಲಿಲ್ಲ. ಚಾಕು ಎಲ್ಲಿಟ್ಟಳೋ, ಹೋಗಿ ನೋಡಿದರೆ ಕಪ್ಪು ಅವನ ಕೈಯಲ್ಲಿ ಕುಣಿಯುತ್ತಿತ್ತು, ಟೀ ಕಂಬಳಿಯ ಮೇಲೆಲ್ಲ, ಹಲ್ಲು ಕಟಕಟ, ತುಟಿ ನೀಲಿ, ಚಳಿ ಕಣೇ ರೋಸಿ, ಕಿಟಕಿ ಹಾಕು. ಕಿಟಕಿ ಹಾಕಿಯೇ ಇತ್ತು. ಈಗ ಕೈ ಬಿಸಿಯೋ ತಣ್ಣಗೋ ಅಂತ ಯೋಚಿಸಲಿಲ್ಲ, ಮುಟ್ಟಿದ ಕೂಡಲೇ ಕೈ ಹಿಂದಕ್ಕೆ ಬಂತು, ಡ್ರಾಯರು ಎಳೆದಳು, ಚಮಚಗಳೆಲ್ಲ ನೆಲಕ್ಕೆ, ಥರ್ಮಾಮೀಟರು ಅವನ ಹಲ್ಲಿಗೆ ಟಕಟಕ ಬಡಿಯಿತು, ಹಿಡಿದುಕೋ ಸ್ವಲ್ಪ ಹಿಡಿದುಕೋ ನನ್ನಪ್ಪ, ಮೂವತ್ತೊಂಬತ್ತರ ಮೇಲೆ ಎಷ್ಟೋ, ಮೇಲಿನದ್ದನ್ನು ಅವಳು ನೋಡಲಿಲ್ಲ. ಬೆಳಿಗ್ಗೆ ನೋಡಿದ್ದರೆ. ಆ ಮೊದಲ ಸಲ ಬಿಸಿ ಅನ್ನಿಸಿದಾಗಲೇ ನೋಡಿದ್ದರೆ. ನೀನು ಜ್ವರಕ್ಕೆ ಹೆದರಿ ನೋಡದೆ ಬಿಟ್ಟೆಯಾ ರೋಸ್ವಿತಾ, ಅಲ್ಲ, ಜ್ವರ ಇದ್ದರೆ ಅವರು ಕೇಳುತ್ತಾರಲ್ಲ ಏನು ತಿಂದರು ಅಂತ, ಅದಕ್ಕೆ ಹೆದರಿದೆ, ಅವನ ಜೀವಕ್ಕಿಂತ ನಿನ್ನ ಮುಖ ದೊಡ್ಡದಾಯಿತು, ಥೂ. ಕೋಟು ಹಾಕಿಸಿದಳು, ಬೂಟು ಹಾಕಿಸಿದಳು, ಹಾಕಿಸಿಕೊಳ್ಳುವಾಗ ಅವನು ತಮಾಷೆ ಮಾಡಲು ನೋಡಿದ, ಹುಟ್ಟುಹಬ್ಬದ ಸವಾರಿ, ಅಂದ, ಮಾತು ಮುಗಿಯುವ ಮೊದಲೇ ಹಲ್ಲು ಕಚ್ಚಿಕೊಂಡಿತು. ಬಿರ್ಗಿಟ್‌ಗೆ ಫೋನು ಮಾಡಿ ಆಸ್ಪತ್ರೆಗೆ ಬಾ ಅಂದಳು, ಬೇರೇನೂ ಹೇಳಲಿಲ್ಲ.

ಕಾರು ಓಡಿಸುತ್ತಿದ್ದಾಳೆ, ಕೆಂಪು ದೀಪ, ಎದುರಿಗೆ ಹಸಿರು ಟೋಪಿ ಹಾಕಿದ ಪ್ಲಾಸ್ಟರ್ ಬೊಂಬೆ ಬಿಯರ್ ಲೋಟ ಎತ್ತಿ ನಗುತ್ತಿದೆ, ಹಬ್ಬ ಮುಗಿದರೂ ತೆಗೆದಿಲ್ಲ ಹಾಳಾದವರು, ಪಕ್ಕದಲ್ಲಿ ಲೋಥಾರ್ ಸೀಟ್‌ಬೆಲ್ಟಿನೊಳಗೆ ಮುದುಡಿದ್ದಾನೆ, ಅವನ ಕೈ ಬಂದು ಇವಳ ಮೊಣಕೈ ಹಿಡಿಯಿತು. ಅಲ್ಲಿ ಏನೂ ಬಾಯಿ ಬಿಡಬೇಡ, ಅಂದ. ಏನು. ಮುಳ್ಳಿಲಿ ಸುದ್ದಿ ಎತ್ತಬೇಡ, ನಾನು ಸೂಪು ಕುಡಿದೆ ಅಷ್ಟೇ. ಲೋಥಾರ್, ಔಷಧಿ ಅದರ ಮೇಲೇ ಕೊಡೋದಂತೆ. ಏನೋ ಒಂದು ಕೊಡ್ತಾರೆ ಬಿಡು, ಬಿರ್ಗಿಟ್ ನಿನ್ನನ್ನ ಈ ಜನ್ಮದಲ್ಲಿ ಕ್ಷಮಿಸಲ್ಲ, ನಾನು ಹೋದ ಮೇಲೆ ನಿನಗೆ ಯಾರಿದ್ದಾರೆ, ಅವಳೊಬ್ಬಳು ತಾನೇ. ಹೋಗೋ ಮಾತಾಡಬೇಡ. ಆಯ್ತು ಆಡಲ್ಲ, ನೀನೂ ಆ ಮಾತಾಡಬೇಡ, ನನಗೆ ಗೊತ್ತಿತ್ತಲ್ಲೇ, ನಾನೇನು ಚಿಕ್ಕ ಮಗುನಾ, ತಟ್ಟೆ ನೋಡಿದಾಗಲೇ ಗೊತ್ತಿತ್ತು, ಗೊತ್ತಿದ್ದೇ ತಿಂದೆ, ಮಜಾ ಬಂತು. ಹಸಿರು ದೀಪ, ಹಿಂದಿನವನು ಹಾರ್ನ್ ಹೊಡೆದ, ಅವಳಿಗೆ ಯಾವ ಪೆಡಲ್ ಯಾವುದು ಅಂತ ಒಂದು ಗಳಿಗೆ ಮರೆತೇಹೋಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು, ಇವಳು ಮಾಡಿದ್ದನ್ನೆಲ್ಲ ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಾನೆ ಈ ಮನುಷ್ಯ, ಹಲ್ಲು ಕಟಕಟ ಅನ್ನುತ್ತಿರುವಾಗಲೂ.

ಆಸ್ಪತ್ರೆಯ ಬಿಳಿ ಬೆಳಕು, ಗಾಲಿಕುರ್ಚಿ, ಮಾರಿಸೆಲ್‌ಗೆ ಇವತ್ತು ರಜೆ, ಬೇರೆ ನರ್ಸು, ವಯಸ್ಸಾದವಳು, ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದಾಳೆ, ತೋಳಿಗೆ ಪಟ್ಟಿ ಸುತ್ತಿದಳು, ಬಿಪಿ ನೋಡಿ ಮುಖ ಗಟ್ಟಿ ಮಾಡಿಕೊಂಡಳು, ಒಬ್ಬ ಡಾಕ್ಟರನ್ನು ಕರೆದಳು, ಎಲ್ಲರ ಹೆಜ್ಜೆ ಇದ್ದಕ್ಕಿದ್ದಂತೆ ಚುರುಕಾಯಿತು. ಬಿರ್ಗಿಟ್ ಓಡಿಬಂದಳು, ಮಾಸ್ಕು ಹಾಕಿಕೊಂಡು, ಪಪ್ಪಾ, ಪಪ್ಪಾ ನಾನು ಬಂದೆ. ಈಗ ನರ್ಸು ಕೇಳುತ್ತಿದ್ದಾಳೆ, ಯಾವಾಗ ಶುರುವಾಯ್ತು, ಭೇದಿ ಆಯ್ತಾ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ, ನಿನ್ನೆ ಮೊನ್ನೆ ಏನು ತಿಂದರು, ಬೇಯಿಸದ್ದು ಹಸೀದು ಏನಾದ್ರೂ. ಲೋಥಾರ್ ಹಾಸಿಗೆಯಿಂದಲೇ ಅಂದ, ಸೂಪು. ಅವನ ಕೈ ಕಂಬಳಿಯ ಕೆಳಗಿಂದ ಬಂದು ಇವಳ ಬೆರಳು ಅಮುಕಿತು, ಸುಡುವ ಕೈ. ಬಿರ್ಗಿಟ್ ಅಂದಳು, ಇಲ್ಲ ಇಲ್ಲ, ಹಸೀದಂತೂ ಸಾಧ್ಯವೇ ಇಲ್ಲ, ನಮ್ಮಮ್ಮ ಸೊಪ್ಪನ್ನೂ ಎರಡೆರಡು ಸಲ ತೊಳೆಯೋಳು, ಎಲ್ಲಾ ಅವರೇ ನೋಡ್ಕೊಳ್ಳೋದು, ಅವರಷ್ಟು ಹುಷಾರಿನೋರು ಯಾರೂ ಇಲ್ಲ. ನರ್ಸು ಹೂಂ ಅಂತ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದಳು, ಅಲರ್ಜಿ ಇದೆಯಾ, ಲೋಥಾರನ ಕೈ ಸಡಿಲಾಯಿತು, ಆಯಿತು, ದಾಟಿಹೋಯಿತು, ಯಾರಿಗೂ ಗೊತ್ತಾಗುವುದಿಲ್ಲ, ಮನೆಗೆ ಹೋಗಿ ಆ ಬಟ್ಟಲು ಎತ್ತಿ ಕಸಕ್ಕೆ ಸುರಿದರೆ ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ, ಬಿರ್ಗಿಟ್ ಹೀಗೇ ಭುಜದ ಮೇಲೆ ಕೈಯಿಟ್ಟುಕೊಂಡು ನಿಂತಿರುತ್ತಾಳೆ, ಮತ್ತೆ ಅವನು, ಅವನು ಇರುತ್ತಾನೋ — ನಿಲ್ಲಿ, ಅಂದಳು ರೋಸ್ವಿತಾ. ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. ಮುಳ್ಳಿಲಿ ತಿಂದರು. ನರ್ಸು ಕನ್ನಡಕ ಕಣ್ಣಿಗಿಳಿಸಿ ನೋಡಿದಳು, ಏನು ತಿಂದರು. ಹಂದಿಮಾಂಸ, ಹಸೀದು, ಬೇಯಿಸಿಲ್ಲ, ನಿನ್ನೆ ಮಧ್ಯಾಹ್ನ ಎರಡು ಬನ್ನು ತುಂಬ, ಅವರು ಕೇಳಲಿಲ್ಲ, ನಾನೇ ಮಾಡಿಕೊಟ್ಟೆ, ಬೇಯಿಸ್ತೀನಿ ಅಂತ ಮಾರೋರಿಗೆ ಸುಳ್ಳು ಹೇಳಿ ತಂದೆ. ರೋಸಿ, ಅಂದ ಲೋಥಾರ್, ಬರೀ ಉಸಿರಿನಲ್ಲಿ. ಭುಜದ ಮೇಲಿದ್ದ ಬಿರ್ಗಿಟ್‌ಳ ಕೈ ನಿಧಾನಕ್ಕೆ ಹೋಯಿತು, ಅದು ಹೋದದ್ದು ರೋಸ್ವಿತಾಗೆ ಗೊತ್ತಾಯಿತು, ತಿರುಗಿ ಮಗಳ ಮುಖ ನೋಡುವ ಧೈರ್ಯ ಬರಲಿಲ್ಲ.

ನರ್ಸು ಬೈಯಲಿಲ್ಲ, ಡಾಕ್ಟರ ಕಡೆ ತಿರುಗಿ ಏನೋ ಹೇಳಿದಳು, ಡಾಕ್ಟರು ಇನ್ನೊಂದು ಔಷಧಿಯ ಹೆಸರು ಹೇಳಿದರು, ಯಾರೋ ಓಡಿದರು, ಒಳ್ಳೇದು ಮಾಡಿದ್ರಿ ಹೇಳಿ, ಅಂದರು ಡಾಕ್ಟರು, ಬದುಕುತ್ತಾರಾ ಅಂತ ಕೇಳಬೇಕು, ಬಾಟಲಿ ತೂಗುಹಾಕುತ್ತಿದ್ದಾರೆ, ನಳಿಕೆ, ಹನಿ, ಲೋಥಾರ್ ಕಣ್ಣು ಮುಚ್ಚಿಕೊಂಡಿದ್ದಾನೆ, ನಿನ್ನೆ ಅಗಿಯುವಾಗ ಮುಚ್ಚಿಕೊಂಡ ಹಾಗೇ. ನರ್ಸು ಕೇಳಿದಳು, ಅದು ಉಳಿದಿದೆಯಾ ಮನೇಲಿ, ಇದ್ದರೆ ಲ್ಯಾಬಿಗೆ ಕಳಿಸ್ತೀವಿ, ಅದರಲ್ಲೇನಿದೆ ಅಂತ ಗೊತ್ತಾದರೆ ಅನುಕೂಲ. ಉಳಿದಿದೆ. ಎಲ್ಲಿ, ಅಂದಿತು ಬಿರ್ಗಿಟ್‌ಳ ದನಿ, ಮಮಾ ಅನ್ನಲಿಲ್ಲ, ಎಲ್ಲಿ ಅಂತಷ್ಟೇ, ಕಾರಿನ ಕೀಲಿ ಕೈಯಲ್ಲಿ ಸದ್ದು ಮಾಡಿತು. ಫ್ರಿಜ್ಜಿನಲ್ಲಿ, ನಡುವಿನ ಅಂತಸ್ತು, ಹಾಲಿನ ಪಕ್ಕ, ಮೇಲೊಂದು ಬಟ್ಟಲು ಕವುಚಿದೆ. ಬೂಟಿನ ಸದ್ದು ಕಾರಿಡಾರಿನುದ್ದ ಹೋಯಿತು, ತಿರುಗುಬಾಗಿಲು, ಈಗ ಮಗಳು ಕಾರಿನಲ್ಲಿ, ಈಗ ಕೆಂಪು ದೀಪ, ಹಸಿರು ಟೋಪಿಯ ಬೊಂಬೆ, ಈಗ ಮನೆ, ನೆಲದ ಮೇಲೆಲ್ಲ ಚಮಚ, ಅರ್ಧ ಸುಲಿದ ಆಲೂಗಡ್ಡೆ, ಈಗ ಬಾಗಿಲು ತೆಗೆಯುತ್ತಾಳೆ, ಒಳಗೆ ದೀಪ ಹತ್ತುತ್ತದೆ, ಬಟ್ಟಲು ಎತ್ತುತ್ತಾಳೆ, ಅರ್ಧ ಮೈ, ಬಾಡಿದ ಮುಳ್ಳು, ಒಂದು ಕಣ್ಣು, ಬಾಗಿಲು ತೆಗೆಯುತ್ತಾಳೆ, ಬಟ್ಟಲು ಎತ್ತುತ್ತಾಳೆ, ಒಂದು ಕಣ್ಣು, ಬಟ್ಟಲು ಎತ್ತುತ್ತಾಳೆ, ಒಂದು ಕಣ್ಣು